ನಾಲ್ಕನೆಯ ಎಡೆ

ತುಮಕೂರು
೧೬-೯-೨೦೨೫, ಮಂಗಳವಾರ

ಕುಣಿಗಲ್ಲಿನಲ್ಲಿ ಕ್ಷೇಮವಾಗಿ ಬದುಕಿರುವ ನನ್ನ ಅಮ್ಮನಿಗೆ, ಮಗಳು ಸುಮನಾಳ ನಮಸ್ಕಾರ.

ಇವತ್ತು ಬೆಳಿಗ್ಗೆ ನಡುಮನೆ ಗುಡಿಸುತ್ತಿದ್ದಾಗ ಗೋಡೆಯ ಬುಡದಲ್ಲಿ ಒಂದು ಚಿಟಿಕೆಯಷ್ಟು ಸಿಮೆಂಟಿನ ಪುಡಿ ಬಿದ್ದಿತ್ತು. ತಲೆಯೆತ್ತಿ ನೋಡಿದೆ. ತಾತ ಚಿಕ್ಕಬೀರಯ್ಯನವರ ಫೋಟೋ, ಅಜ್ಜಿಯ ಫೋಟೋ, ದೊಡ್ಡಪ್ಪ ಚಿಕ್ಕಮಾರಯ್ಯನವರ ಫೋಟೋ, ಅದರ ಪಕ್ಕದಲ್ಲಿ ಒಂದು ಹೊಸ ಮೊಳೆ. ಹೊಡೆಯುವಾಗ ಬಾಗಿ, ಮತ್ತೆ ನೆಟ್ಟಗೆ ಮಾಡಿ ಹೊಡೆದ ಮೊಳೆ. ಅದು ಅಪ್ಪನ ಕೈಕೆಲಸವೆಂದು ನೋಡಿದ ಕೂಡಲೇ ತಿಳಿಯಿತು. ಆ ಮೊಳೆ ನಿನಗಾಗಿ, ಅಮ್ಮ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ಬರುವ ಭಾನುವಾರ ಮಹಾಲಯ ಅಮಾವಾಸ್ಯೆ, ನಮ್ಮ ಮನೆಯಲ್ಲಿ ಪಕ್ಷದ ಹಬ್ಬ. ಈ ಸಲ ಸತ್ತ ಹಿರಿಯರ ಸಾಲಿನಲ್ಲಿ ನಿನಗೂ ಎಡೆ ಇಡುತ್ತಾರೆ. ನನ್ನನ್ನು ಸೊಸೆ ಮಾಡಿಕೊಳ್ಳಬೇಕೆಂದಿರುವ ಗುಬ್ಬಿಯವರು ಅವತ್ತು ಊಟಕ್ಕೆ ಬರುತ್ತಿದ್ದಾರೆ. ಅವರು ತಿಳಿದಿರುವ ಪ್ರಕಾರ ನೀನು ತೀರಿಕೊಂಡು ಏಳು ವರ್ಷವಾಯಿತು. ನೀನು ಸತ್ತೇ ಇದ್ದರೆ ನನ್ನ ಮದುವೆ ಆಗುತ್ತದೆ, ಬದುಕಿದ್ದೀಯೆಂದು ಗೊತ್ತಾದರೆ ಮುರಿಯುತ್ತದೆ. ಇದು ನರಸಮ್ಮತ್ತೆಯ ತೀರ್ಮಾನ. ಅಕ್ಕನ ಮಾತಿನ ಮೇಲೆ ಅಪ್ಪನಿಗೆ ಬೇರೆ ತೀರ್ಮಾನ ಇದ್ದದ್ದು ಯಾವತ್ತು?

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಬಾಯಿಂದ ಹೂಂ, ಆಯ್ತು, ಊಟ ಆಯ್ತಾ ಎನ್ನುವ ಮೂರು ಮಾತು ಬಿಟ್ಟರೆ ನಾಲ್ಕನೆಯದು ಹೊರಡುವುದಿಲ್ಲವೆಂದು ನಿನಗೆ ಗೊತ್ತು. ಎಂ.ಎ. ಕೊನೆಯ ವರ್ಷದ ಸೆಮಿನಾರಿನಲ್ಲಿ ಎದ್ದು ನಿಂತು, ಎಲ್ಲರ ಮುಖ ನೋಡಿ, ಬರೆದು ತಂದಿದ್ದ ಕಾಗದವನ್ನು ಮೇಡಂ ಕೈಗೆ ಕೊಟ್ಟು ಕೂತವಳು ನಾನು. ಬರೆದರೆ ಮಾತ್ರ ನನಗೆ ನಾಲಿಗೆ ಇರುತ್ತದೆ.

ಮನೆ ಹದಿನೈದು ದಿನದಿಂದ ಹಬ್ಬಕ್ಕೆ ಸಿದ್ಧವಾಗುತ್ತಿದೆ. ಅತ್ತೆಯ ಶುಚಿತ್ವದ ಬಗ್ಗೆ ನಿನಗೆ ಹೊಸದಾಗಿ ಹೇಳಬೇಕಿಲ್ಲ. ಅಡುಗೆಮನೆಯ ಹಲಗೆಯ ಮೇಲಿರುವ ಡಬ್ಬಗಳಲ್ಲಿ ಮುಂದಿನ ಸಾಲಿನವನ್ನು ನನ್ನ ಕೈಲಿ ಫಳಫಳ ಹೊಳೆಯುವ ಹಾಗೆ ಉಜ್ಜಿಸಿದ್ದಾರೆ. ಹಿಂದಿನ ಸಾಲಿನವು ಜಿಡ್ಡು ಹಿಡಿದು ಹಾಗೇ ಕೂತಿವೆ. ಅವನ್ನೂ ತೆಗೆಯಲು ಹೋದರೆ, "ಅವು ಯಾರ ಕಣ್ಣಿಗೆ ಬೀಳ್ತವೆ, ಬುಡೇ" ಎಂದರು. ಬೀದಿಗೆ ಕಾಣುವ ಎರಡು ಗೋಡೆಗೆ ಪೇಂಟ್ ಆಗಿದೆ. ಹಿತ್ತಲ ಗೋಡೆ ಪಾಚಿಗೆ ಬಿಟ್ಟದ್ದು. ದಿಂಬಿನ ಕವರು ಹೊಸದು, ದಿಂಬು ಹಳೆಯದು. ಸೋಫಾದ ಹರಿದ ಕಡೆ ನಾನು ಕೂರಬೇಕಂತೆ, ಎದ್ದೇಳಬಾರದಂತೆ. ಹೀಗೆ ಮದುವೆಯಾಗುವ ಹುಡುಗಿಯಾಗಿ ಅಲ್ಲದಿದ್ದರೂ ಸೋಫಾದ ತೇಪೆಯಾಗಿ ನನಗೆ ಈ ಮನೆಯಲ್ಲಿ ಒಂದು ಸ್ಥಾನ ಸಿಕ್ಕಿದೆ.

ಅತ್ತೆಯ ಗಂಡ ಕದರಯ್ಯ ಮಾವನಿಗೆ ವಹಿಸಿರುವ ಕೆಲಸ ಹಬ್ಬಕ್ಕೆ ಕುರಿಮರಿ ನೋಡುವುದು. ಅದಕ್ಕಾಗಿ ಹೆಬ್ಬೂರಿಗೆ ಮೂರು ಸಲ ಹೋಗಿದ್ದಾರೆ. ಮೂರು ಸಲವೂ ಮರಿ ಹಿಡಿದು ತರಲಿಲ್ಲ, ಅಲ್ಲಿನ ಸ್ನೇಹಿತರ ಮನೆಯಲ್ಲಿ ಊಟ ಮುಗಿಸಿಕೊಂಡು ಬಂದರು. ಹಲ್ಲು ಚುಚ್ಚಿಕೊಳ್ಳುತ್ತಾ ಬಸ್ಸಿಳಿದು, "ಮರಿ ಇನ್ನೂ ಸೊರಗೈತೆ, ಇನ್ನೊಂದು ಕಿತ ನೋಡ್ಬೇಕು" ಎನ್ನುತ್ತಾರೆ. ಈ ಮನೆಯ ಗಂಡಸರಲ್ಲಿ ನನಗೆ ಸ್ವಲ್ಪ ಮರ್ಯಾದೆ ಇರುವುದು ಅವರ ಮೇಲೆಯೇ. ತಾನು ಬಂದಿರುವುದು ಊಟಕ್ಕೆ ಎಂಬುದನ್ನು ಅವರು ಯಾರಿಂದಲೂ ಮುಚ್ಚಿಟ್ಟಿಲ್ಲ.

ಗುಬ್ಬಿಯವರ ವಿಷಯಕ್ಕೆ ಬರುತ್ತೇನೆ. ಶ್ರಾವಣದಲ್ಲಿ ರಾಮಾಂಜಿನಯ್ಯನವರು ಹೆಂಡತಿ, ಮಗ, ಮಗಳ ಜೊತೆ ಬಂದಿದ್ದರು. ಕೊಬ್ಬರಿ ವ್ಯಾಪಾರಸ್ಥರು. ಮಗಳು ರಮ್ಯಶ್ರೀ ನನ್ನ ಜೊತೆ ಬಿ.ಎ. ಓದಿದವಳು, ಸಂಬಂಧ ಬಂದದ್ದು ಅವಳಿಂದಲೇ. ಮಗ ಚನ್ನೇಶ್ ಸತ್ಯಮಂಗಲದಲ್ಲಿ ಟೊಮ್ಯಾಟೊ, ಹಾಲಿನ ಪ್ಯಾಕೆಟ್ಟು ತುಂಬುವ ಪ್ಲಾಸ್ಟಿಕ್ ಕ್ರೇಟುಗಳನ್ನು ಮಾಡುವ ಒಂದು ಸಣ್ಣ ಘಟಕ ನಡೆಸುತ್ತಾರೆ. ರಾಮಾಂಜಿನಯ್ಯನವರು ಒಳಗೆ ಬಂದು ಕೂತವರೇ ನನ್ನನ್ನು ನೋಡಿ, "ತಾಯಿಲ್ದಿರೋ ಮಗು. ನಮ್ಮನೇಗ್ ಬಾರವ್ವ, ಅಲ್ಲಿ ಒಬ್ಳು ತಾಯಿ ಅವ್ಳೆ" ಎಂದು ಹೆಂಡತಿಯ ಕಡೆ ತೋರಿಸಿದರು. ಅಪ್ಪನ ಕೈಲಿದ್ದ ಲೋಟ ಅಲ್ಲೇ ನಿಂತಿತು. ಅತ್ತೆ ಅಪ್ಪನನ್ನು ನೋಡಿದರು, ಅಪ್ಪ ನೆಲ ನೋಡಿದರು. ನಂತರ ಅತ್ತೆ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡರು. ಒಣ ಕಣ್ಣಿಗೆ ಬಟ್ಟೆ ಒತ್ತಿಕೊಳ್ಳುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು.

ಅಷ್ಟಕ್ಕೇ ಮುಗಿದಿದ್ದರೆ ಒಂದು ಸುಳ್ಳು ಮೂಲೆಯಲ್ಲಿ ಬಿದ್ದಿರುತ್ತಿತ್ತು. ಆದರೆ ಒಳ್ಳೆಯ ಜನರ ಒಳ್ಳೆಯತನ ಕೆಟ್ಟ ಜನರನ್ನು ಎಷ್ಟು ತೊಂದರೆಗೆ ಸಿಕ್ಕಿಸುತ್ತದೆ ನೋಡು. ಹೊರಡುವಾಗ ರಾಮಾಂಜಿನಯ್ಯನವರು, "ಪಕ್ಷ ಯಾವತ್ ಮಾಡ್ತೀರಿ ಮೇಷ್ಟ್ರೇ?" ಎಂದು ಕೇಳಿದರು. ಅಮಾವಾಸ್ಯೆಗೆ ಎಂದರು ಅಪ್ಪ. "ಪಕ್ಷದಲ್ಲಿ ಶುಭಕಾರ್ಯದ ಮಾತು ಆಡಂಗಿಲ್ಲ, ಅದನ್ನ ವಿಜಯದಶಮಿ ದಿನ ಆಡಾನ. ಆದ್ರೆ ಎಡೆ ಹೊತ್ತಿಗೆ ಬತ್ತೀವಿ. ನಮ್ ಬೀಗ್ತಿ ಮುಖ ನೋಡ್ನಿಲ್ಲ, ಅವ್ರಿಗೊಂದು ಧೂಪನಾದ್ರೂ ಹಾಕಾನ" ಎಂದು ಕೈಮುಗಿದು ಹೋದರು. ಅವರ ಕಾರು ತಿರುವು ದಾಟುವವರೆಗೂ ಅತ್ತೆ ನಗುಮುಖ ಇಳಿಸಲಿಲ್ಲ. ತಿರುವು ದಾಟಿದ ಮೇಲೆ ಅಪ್ಪನಿಗೆ, "ಏನ್ಲಾ ಗೋವಿಂದ, ಅವ್ಳದೊಂದು ಫೋಟೋ ಐತಾ?" ಎಂದರು.

ಫೋಟೋ ಇರಲಿಲ್ಲ. ನೀನು ಹೋದ ವಾರವೇ ಆಲ್ಬಮ್ಮಿನಿಂದ ಕಿತ್ತದ್ದು ಯಾರೆಂದು ನಾನು ಬರೆಯಬೇಕೇ? ಉಳಿದದ್ದು ಮದುವೆಯ ದೊಡ್ಡ ಫೋಟೋ ಒಂದೇ. ಅದರಲ್ಲಿ ಅಪ್ಪನೂ ಇದ್ದುದರಿಂದ ಬಚಾವಾಗಿತ್ತು. ಅದನ್ನು ಸ್ಟುಡಿಯೋಗೆ ಕೊಟ್ಟು ಅಪ್ಪನನ್ನು ಕತ್ತರಿಸಿ ತೆಗೆಸಿದ್ದಾರೆ. ಆದರೆ ಮದುವೆಯ ದಿನ ಅಪ್ಪ ನಿನ್ನ ಭುಜದ ಮೇಲೆ ಕೈಯಿಟ್ಟಿದ್ದರಲ್ಲ, ಆ ಕೈ ಪೂರ್ತಿ ಹೋಗಿಲ್ಲ. ಹೊಸ ಫ್ರೇಮಿನಲ್ಲಿ ಹತ್ತೊಂಬತ್ತು ವರ್ಷದ ನೀನು ನಗುತ್ತಾ ನಿಂತಿದ್ದೀಯ, ಭುಜದ ಮೇಲೆ ನಾಲ್ಕು ಬೆರಳು ಇವೆ. ಅತ್ತೆ ಅದನ್ನು ನೋಡಿ, "ಅಲ್ಲಿಗೆ ಹಾರ ಬತ್ತದೆ, ಮುಚ್ಕತ್ತದೆ" ಎಂದರು. ಹಾರ ಹಾಕಿ ಅಳತೆಯನ್ನೂ ನೋಡಿದರು. ಮುಚ್ಚಿತು.

ಎರಡನೆಯ ಸಮಸ್ಯೆ, ನೀನು ಸತ್ತದ್ದು ಹೇಗೆ ಎನ್ನುವುದು. ಕಾಮಾಲೆ ಎಂದು ಗುಬ್ಬಿಯವರಿಗೆ ಮೊದಲೇ ಗೊತ್ತಿತ್ತು. ಅತ್ತೆಗೆ ಅದು ಸಾಲದು. "ಕೊರೊನಾ ಅಂದಿದ್ರೆ ಯಾರೂ ಮೇಲೆ ಕೇಳ್ತಿರ್ನಿಲ್ಲ, ಕಾಮಾಲೆ ಅಂದ್ರೆ ಯಾವ್ ಆಸ್ಪತ್ರೆ, ಯಾರ್ ಔಷ್ದಿ ಕೊಟ್ರು ಅಂತ ಕೇಳ್ತಾರೆ" ಎಂದು ಚಿಂತೆ ಮಾಡಿದರು. ಒಂದು ರಾತ್ರಿಯ ಊಟ ಪೂರ್ತಿ ನಿನ್ನ ಕೊನೆಯ ದಿನಗಳ ಚರ್ಚೆಯಲ್ಲಿ ಕಳೆಯಿತು. ಮಾಘ ಮಾಸ ಎಂದು ಅತ್ತೆ ಹೇಳಿದರೆ, ಮಾಘದಲ್ಲಿ ನಾನು ಮಕ್ಕಳನ್ನು ಕರೆದುಕೊಂಡು ಕ್ರೀಡಾಕೂಟಕ್ಕೆ ಹೋಗಿರುತ್ತೇನೆ, ಬೇರೆ ತಿಂಗಳು ನೋಡು ಎಂದು ಅಪ್ಪ ಆಕ್ಷೇಪಿಸಿದರು. ನೀನು ಸಾಯುವಾಗ ಅಪ್ಪನಿಗೆ ಬಿಡುವಿರಬೇಕು. ಕೊನೆಗೆ ಬೇಸಿಗೆ ರಜೆಯಲ್ಲಿ ಸತ್ತೆ. ಶಾಲೆಯಲ್ಲಿ ಪೀಪಿ ಊದಿದರೆ ಮುನ್ನೂರು ಮಕ್ಕಳು ಅಲುಗದೆ ನಿಲ್ಲುತ್ತಾರೆ, ಆ ಪಿ.ಟಿ. ಮೇಷ್ಟ್ರು ಮನೆಯಲ್ಲಿ ಅಕ್ಕ ಊದಿದ ಕಡೆ ಓಡುತ್ತಾರೆ.

ಆ ಚರ್ಚೆಯಲ್ಲಿ ಕದರಯ್ಯ ಮಾವ ಒಂದೇ ಮಾತು ಆಡಿದ್ದು. ಮೂಳೆ ಚೀಪುವುದನ್ನು ನಿಲ್ಲಿಸಿ, "ಬದುಕಿರೋರ್ಗೆ ಎಡೆ ಇಕ್ಕಿದ್ರೆ ಆಯಸ್ಸು ಹೆಚ್ಚಾಯ್ತದಂತೆ, ಇಕ್ಲಿ ಬುಡು" ಎಂದರು. ಯಾರೂ ನಗಲಿಲ್ಲ. ನಾನು ನೀರು ತರುವ ನೆಪದಲ್ಲಿ ಒಳಗೆ ಹೋಗಿ ನಕ್ಕೆ, ನಕ್ಕಿದ್ದಕ್ಕೆ ಬೇಜಾರಾಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಇನ್ನೊಂದು ಸುದ್ದಿ. ಗಂಡ ಬದುಕಿರುವಾಗಲೇ ಹೋದವಳಾದ್ದರಿಂದ ನೀನು ಮುತ್ತೈದೆಯಾಗಿ ಸತ್ತವಳು. ಆದ್ದರಿಂದ ನಿನ್ನ ಎಡೆಗೆ ಹಸಿರು ಬಳೆ, ಅರಿಶಿನ ಕುಂಕುಮ, ರೇಷ್ಮೆ ಸೀರೆ ಎಲ್ಲ ಬರುತ್ತದೆ. ಸೀರೆಯನ್ನು ಅತ್ತೆಯೇ ಹೋಗಿ ಆರಿಸಿ ತಂದರು. ಸಾಸಿವೆ ಬಣ್ಣ, ದೊಡ್ಡ ಅಂಚು. ಸತ್ತವರಿಗೆ ಇಟ್ಟ ಸೀರೆಯನ್ನು ಹಬ್ಬವಾದ ಮೇಲೆ ಮನೆಯ ಹೆಂಗಸರು ಉಡುವ ಪದ್ಧತಿ ನಿನಗೆ ಗೊತ್ತಲ್ಲ. ಸಾಸಿವೆ ಬಣ್ಣ ಯಾರಿಗೆ ಇಷ್ಟ ಎನ್ನುವುದೂ ಗೊತ್ತಲ್ಲ.

ಮೊನ್ನೆ ಶನಿವಾರ ಎಡೆಗೆ ಏನೇನು ಮಾಡಬೇಕೆಂದು ಪಟ್ಟಿ ಹಾಕಿದರು. ತಾತನಿಗೆ ತಲೆಮಾಂಸ, ಮುದ್ದೆ, ಒಂದು ಕಟ್ಟು ಬೀಡಿ, ಕಾಲು ಬಾಟಲಿ ಬ್ರಾಂದಿ. ಅಜ್ಜಿಗೆ ಕಜ್ಜಾಯ, ಎಲೆ ಅಡಿಕೆ, ಕಡ್ಡಿಪುಡಿ. ದೊಡ್ಡಪ್ಪನಿಗೆ ಕೈಮ ಉಂಡೆ. ನಾನು ಬರೆದುಕೊಳ್ಳುತ್ತಿದ್ದೆ. ನಾಲ್ಕನೆಯ ಹೆಸರಿಗೆ ಬಂದಾಗ ಅತ್ತೆ ಅಪ್ಪನನ್ನು ಕೇಳಿದರು: "ಅವ್ಳಿಗೆ ಏನ್ಲಾ ಇಷ್ಟ ಇತ್ತು?" ಅಪ್ಪ ಫ್ಯಾನಿನ ಕಡೆ ನೋಡಿ ಯೋಚಿಸಿದರು. ಬಹಳ ಹೊತ್ತಿನ ಮೇಲೆ, "ಉಪ್ಪಿಟ್ಟು ಇರಬೇಕು. ದಿನಾ ಬೆಳಿಗ್ಗೆ ಅದನ್ನೇ ತಿನ್ನೋಳು" ಎಂದರು.

ನೀನು ದಿನಾ ಉಪ್ಪಿಟ್ಟು ತಿನ್ನುತ್ತಿದ್ದದ್ದು ಯಾಕೆಂದು ನನಗೆ ಗೊತ್ತು. ಎಲ್ಲರಿಗೂ ಬಡಿಸಿ ಪಾತ್ರೆಯಲ್ಲಿ ಉಳಿಯುತ್ತಿದ್ದದ್ದು ಅದೊಂದೇ. ಮುದ್ದೆ ಉಳಿದ ದಿನ ಮುದ್ದೆ, ಚಿತ್ರಾನ್ನ ಉಳಿದ ದಿನ ಚಿತ್ರಾನ್ನ. ಹದಿನೈದು ವರ್ಷ ಜೊತೆಯಲ್ಲಿ ಬಾಳಿದ ಗಂಡನಿಗೆ ಉಳಿದದ್ದಕ್ಕೂ ಇಷ್ಟಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಹೇಳಬೇಕೆಂದು ತಲೆಯೆತ್ತಿದೆ. ಆಗ ಅತ್ತೆ, "ಏನ್ಲೇ ಸುಮಿ, ನಿಂಗೇನಾದ್ರೂ ಗೊತ್ತಾ?" ಎಂದರು. ಬಾಯಿ ತೆರೆದೆ. ಗೊತ್ತಿರಲಿಲ್ಲ, ಅಮ್ಮ. ವರ್ಷಕ್ಕೆ ನಾಲ್ಕೈದು ಸಲ ಯಾರಿಗೂ ಹೇಳದೆ ಕುಣಿಗಲ್ ಬಸ್ಸು ಹತ್ತಿ ಬಂದು ನಿನ್ನ ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಕೂತು ನನಗಿಷ್ಟವಾದದ್ದನ್ನು ಮಾಡಿಸಿಕೊಂಡು ತಿಂದಿದ್ದೇನೆ. ನಿನಗೇನು ಇಷ್ಟ ಎಂದು ಒಂದು ದಿನವೂ ಕೇಳಿಲ್ಲ. ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ಉಪ್ಪಿಟ್ಟು ಎಂದು ಬರೆದೆ. ನನ್ನ ಕೈಯಲ್ಲೇ ಬರೆದೆ.

ಅಕ್ಕಿಯ ವಿಷಯ ಕೇಳಿದರೆ ನೀನು ನಗುತ್ತೀಯ. ಗುಬ್ಬಿಯವರಿಗೆ ಸತ್ತಿರುವ ನೀನು ರೇಷನ್ ಕಾರ್ಡಿನಲ್ಲಿ ಇನ್ನೂ ಆರೋಗ್ಯವಾಗಿದ್ದೀಯ. ಒಂಬತ್ತು ವರ್ಷದಿಂದ ನಿನ್ನ ಹೆಸರು ತೆಗೆಸಿಲ್ಲ, ನಿನ್ನ ಪಾಲಿನ ಅಕ್ಕಿ ತಿಂಗಳು ತಿಂಗಳು ಬರುತ್ತಿದೆ. ಭಾನುವಾರ ನಿನ್ನ ಎಡೆಗೆ ಇಡುವ ಅನ್ನ ನಿನ್ನದೇ ಅಕ್ಕಿಯದು.

ಇಷ್ಟೆಲ್ಲ ನೋಡುತ್ತಿದ್ದಾಗ ಒಂದು ನೆನಪು ಬಿಟ್ಟೂ ಬಿಡದೆ ಬರುತ್ತದೆ. ಅದು ನಿನಗೂ ಬರುತ್ತಿರಬಹುದು. ಒಂಬತ್ತು ವರ್ಷದ ಹಿಂದಿನ ಇದೇ ಪಕ್ಷ. ನಾನು ಒಂಬತ್ತನೇ ಕ್ಲಾಸು. ಆ ವರ್ಷ ನಿನ್ನ ಅಮ್ಮ ತೀರಿಕೊಂಡಿದ್ದರು, ನಿನಗೆ ಅಣ್ಣತಮ್ಮಂದಿರಿಲ್ಲ, ಅವರಿಗೆ ಎಡೆ ಇಡಲು ಬೇರೆ ಮನೆಯೇ ಇರಲಿಲ್ಲ. ನೀನು ತಾತ ಅಜ್ಜಿಯರ ಸಾಲಿನಿಂದ ದೂರದಲ್ಲಿ, ಮೂಲೆಯಲ್ಲಿ, ಒಂದು ಸಣ್ಣ ಎಲೆ ಹಾಕಿ ಎರಡು ವಡೆ, ಒಂದಿಷ್ಟು ಪಾಯಸ ಇಟ್ಟೆ. ಗಂಡನ ಮನೆಯ ಹಿರಿಯರ ಜೊತೆ ತವರಿನ ಹೆಣ ಉಣ್ಣುತ್ತಾ ಎಂದು ಅತ್ತೆ ಕೂಗಿದರು. ಅಪ್ಪ ಬಂದು ಆ ಎಲೆಯನ್ನು ಕಾಲಲ್ಲಿ ತಳ್ಳಿದರು. ಜೋರಾಗಿ ಒದೆಯಲೂ ಇಲ್ಲ, ಬಾಗಿಲ ಮುಂದಿನ ಚಪ್ಪಲಿಯನ್ನು ಸರಿಸುವ ಹಾಗೆ ಸರಿಸಿದರು. ನೀನು ನೆಲ ಒರೆಸಿದೆ, ಬಂದವರಿಗೆಲ್ಲ ಬಡಿಸಿದೆ, ಪಾತ್ರೆ ತೊಳೆದೆ, ಸಂಜೆ ಹೊಲಿಗೆ ಯಂತ್ರವನ್ನು ಆಟೋಗೆ ಏರಿಸಿದೆ. ಬಾಗಿಲಲ್ಲಿ ನಿಂತು, "ಬರ್ತೀಯಾ ಸುಮಿ?" ಎಂದು ಕೇಳಿದೆ. ನಾಳೆ ಗಣಿತದ ಟೆಸ್ಟ್ ಇದೆ ಎಂದೆ. ಟೆಸ್ಟ್ ಇರಲಿಲ್ಲ. ಅತ್ತೆ ನನ್ನ ಹಿಂದೆ ನಿಂತಿದ್ದರು.

ನಿನ್ನ ಅಮ್ಮನಿಗೆ ಒಂದು ಎಲೆಯಷ್ಟು ಜಾಗ ಕೊಡದ ನಡುಮನೆಯಲ್ಲಿ ಈಗ ನಿನಗೆ ಬಾಳೆಎಲೆ, ಕಳಶ, ರೇಷ್ಮೆ ಸೀರೆ. ಬದುಕಿದ್ದಾಗ ಈ ಮನೆಯಲ್ಲಿ ನಿನ್ನನ್ನು ಯಾರಾದರೂ ಕೂರಿಸಿ ಬಡಿಸಿದ್ದನ್ನು ನಾನು ನೋಡಿಲ್ಲ.

ಚನ್ನೇಶ್ ಬಗ್ಗೆ ನೀನು ಕೇಳುತ್ತೀಯ. ಹೇಳಲು ನಾಚಿಕೆ, ಆದರೂ ಬರೆಯುತ್ತೇನೆ. ಅವತ್ತು ಎಲ್ಲರೂ ಅಡುಗೆ ಬರುತ್ತಾ, ಬಿ.ಇಡಿ. ಮಾಡುತ್ತೀಯಾ, ಇಷ್ಟು ಮೆತ್ತಗೆ ಮಾತಾಡುತ್ತೀಯಲ್ಲ ಎಂದು ಒಂದರ ಮೇಲೊಂದು ಕೇಳಿದರು, ಉತ್ತರಕ್ಕೆ ಯಾರೂ ಕಾಯಲಿಲ್ಲ. ಚನ್ನೇಶ್ ಕೇಳಿದ್ದು ಒಂದೇ, ಕಿಟಕಿಯಲ್ಲಿದ್ದ ಪುಸ್ತಕ ನನ್ನದಾ ಎಂದು. ನನಗೆ ಮಾತು ಬರಲಿಲ್ಲ. ಅವರು ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ಕಾದರು. ಒಂದು ನಿಮಿಷವಾದ ಮೇಲೆ ಹೌದು ಎಂದೆ. "ನಾನು ಇಂಥವೆಲ್ಲ ಓದಿಲ್ಲ. ಚೆನ್ನಾಗಿದ್ಯಾ?" ಎಂದರು. ಮತ್ತೆ ಕಾದರು. ಉತ್ತರ ಬರುವವರೆಗೆ ಕಾಯುವ ಮನುಷ್ಯನನ್ನು ನಾನು ಈ ಮನೆಯಲ್ಲಿ ಕಂಡಿಲ್ಲ. ಈ ಸಂಬಂಧ ನನಗೆ ಬೇಕು, ಅಮ್ಮ. ಅತ್ತೆಗೆ ಬೇಕಾದ್ದಕ್ಕಿಂತ ಹೆಚ್ಚಾಗಿ ಬೇಕು. ಅದಕ್ಕೇ ಈ ಹದಿನೈದು ದಿನ ಡಬ್ಬ ಉಜ್ಜುತ್ತಾ, ಪಟ್ಟಿ ಬರೆಯುತ್ತಾ, ಒಳಗೊಳಗೇ ಎಲ್ಲರನ್ನೂ ಹೀಗಳೆಯುತ್ತಾ ಬಾಯಿ ಮುಚ್ಚಿಕೊಂಡಿದ್ದೆ.

ನಿನ್ನೆ ಸಂಜೆ ಮಾತ್ರ ಬಾಯಿ ಬಿಟ್ಟೆ. ಅತ್ತೆ ಚಕ್ಕುಲಿ ಒತ್ತುತ್ತಿದ್ದರು, ನಾನು ಕರಿಯುತ್ತಿದ್ದೆ. ಬಾಣಲೆಯ ಕಡೆ ನೋಡುತ್ತಲೇ, "ಅತ್ತೆ, ಅಮ್ಮನಿಗೆ ಎಡೆ ಇಡೋದು ಬೇಡ. ತಪ್ಪು" ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಉರಿ ಸಣ್ಣ ಮಾಡಿ, ಚಕ್ಕುಲಿ ಒರಳನ್ನು ತಟ್ಟೆಯಲ್ಲಿಟ್ಟು, ನನ್ನನ್ನು ನೋಡಿದರು. "ತಪ್ಪು ಅಂತ ಈಗ ಗೊತ್ತಾಯ್ತೇನೇ? ಅವ್ಳು ಸತ್ತೋದ್ಲು ಅಂತ ಗುಬ್ಬಿಯೋರ್ಗೆ ನಾನ್ ಹೇಳಿದ್ನಾ, ನಿಮ್ಮಪ್ಪ ಹೇಳಿದ್ನಾ? ಒಂಬತ್ತು ವರ್ಷದಿಂದ ಯಾರ್ ಕೇಳಿದ್ರೂ ಕುಣಿಗಲ್ಲಾಗವ್ಳೆ ಅಂತ್ಲೇ ನಾವ್ ಹೇಳಿರೋದು. ಕೊಂದೋಳು ನೀನು ಕಣೇ. ನಾವು ಎಡೆ ಇಕ್ತಾ ಇದೀವಿ, ಅಷ್ಟೇಯ" ಎಂದರು. ಆಮೇಲೆ ಉರಿ ಮತ್ತೆ ಜೋರು ಮಾಡಿದರು. ಚಕ್ಕುಲಿ ಸೀಯುತ್ತಿತ್ತು.

ಅವರು ಹೇಳಿದ್ದು ನಿಜ. ಇಷ್ಟು ಪುಟ ಬರೆದರೂ ಹೇಳಬೇಕಿದ್ದ ಒಂದು ವಿಷಯವನ್ನು ನಾನು ಬರೆದಿರಲಿಲ್ಲ.

ಬಿ.ಎ. ಸೇರಿದ ವರ್ಷ ಅರ್ಜಿ ತುಂಬುವಾಗ ಪಕ್ಕದಲ್ಲಿ ಕೂತಿದ್ದ ಹುಡುಗಿ ನನ್ನ ಅರ್ಜಿ ನೋಡಿ, ತಾಯಿಯ ಉದ್ಯೋಗದ ಜಾಗ ಯಾಕೆ ಖಾಲಿ ಬಿಟ್ಟಿದ್ದೀಯ ಎಂದು ಕೇಳಿದಳು. ಅವಳೇ ರಮ್ಯಶ್ರೀ. ನನಗೆ ಒಂದು ಮಾತು ಆಡಲು ಎಷ್ಟು ಹೊತ್ತು ಬೇಕೆಂದು ನಿನಗೆ ಗೊತ್ತು. ಅವತ್ತು ಒಂದು ಕ್ಷಣವೂ ಬೇಕಾಗಲಿಲ್ಲ. "ತೀರ್ಕೊಂಡ್ರು. ಎರಡು ವರ್ಷ ಆಯ್ತು. ಕಾಮಾಲೆ" ಎಂದುಬಿಟ್ಟೆ. ಕಾಯಿಲೆಯ ಹೆಸರು ಎಲ್ಲಿಂದ ಬಂತೋ ಗೊತ್ತಿಲ್ಲ, ನಾಲಿಗೆಯ ತುದಿಯಲ್ಲೇ ಕಾದಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು. ಅವತ್ತಿನಿಂದ ಮೂರು ವರ್ಷ ದಿನವೂ ಅವಳ ಡಬ್ಬಿಯಲ್ಲಿ ನನ್ನ ಪಾಲು ಇರುತ್ತಿತ್ತು. ಅವಳ ಅಮ್ಮ ಎರಡು ರೊಟ್ಟಿ ಹೆಚ್ಚು ಹಾಕಿ ಕಳಿಸುತ್ತಿದ್ದರು. ನಾನು ತಿಂದೆ. ಸತ್ತ ಅಮ್ಮ ಎಂದರೆ ಎಲ್ಲರೂ ದನಿ ತಗ್ಗಿಸುತ್ತಾರೆ. ಬಿಟ್ಟುಹೋದ ಅಮ್ಮ ಎಂದರೆ ಯಾರ ಜೊತೆ, ಯಾಕೆ, ನಿನ್ನನ್ನೂ ಬಿಟ್ಟಳಾ ಎಂದು ಕೇಳುತ್ತಾರೆ. ಆ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಒಂದು ಹೆಣ ಬೇಕಿತ್ತು, ನೀನು ಕೈಗೆ ಹತ್ತಿರ ಇದ್ದೆ.

ಅದೇ ತಿಂಗಳು ಕುಣಿಗಲ್ಲಿಗೆ ಬಂದಿದ್ದೆ. ಕಾಲೇಜಿಗೆಂದು ಎರಡು ಹೊಸ ಚೂಡಿದಾರ್ ಹೊಲಿದು ಇಟ್ಟಿದ್ದೆ ನೀನು. ಅವನ್ನು ಹಾಕಿಕೊಂಡು ಹೋದಾಗ ರಮ್ಯಶ್ರೀ, ಎಷ್ಟು ಚೆನ್ನಾಗಿ ಹೊಲಿದಿದ್ದಾರೆ, ಯಾವ ಟೈಲರ್ ಎಂದು ಕೇಳಿದಳು. ಕುಣಿಗಲ್ಲಿನಲ್ಲಿ ಒಬ್ಬರಿದ್ದಾರೆ ಎಂದೆ.

ಅಪ್ಪ ಮೊಳೆ ಹೊಡೆದದ್ದಕ್ಕೆ, ಅತ್ತೆ ಸೀರೆ ಆರಿಸಿದ್ದಕ್ಕೆ ನಕ್ಕೆ. ಅವರಿಗೆ ಸುಳ್ಳು ಕಟ್ಟುವುದೂ ಸರಿಯಾಗಿ ಬರುವುದಿಲ್ಲ, ಒಂದು ತಿಂಗಳು ನಿಗದಿ ಮಾಡಲು ಎರಡು ಗಂಟೆ ಬೇಕು. ನಾನಾದರೆ ಒಂದೇ ಉಸಿರಿಗೆ ಮುಗಿಸಿದವಳು, ಐದು ವರ್ಷ ಒಂದು ಅಕ್ಷರವೂ ತಪ್ಪದ ಹಾಗೆ ನಡೆಸಿದವಳು. ಅವರನ್ನು ಕಂಡರೆ ಬರುವ ತಿರಸ್ಕಾರವನ್ನು ಎಲ್ಲಿಡುವುದೆಂದು ನಿನ್ನೆ ಸಂಜೆಯಿಂದ ಗೊತ್ತಾಗುತ್ತಿಲ್ಲ. ಇಡಬೇಕಾದ ಜಾಗ ಕನ್ನಡಿಯಲ್ಲಿದೆ.

ಭಾನುವಾರ ರಾಮಾಂಜಿನಯ್ಯನವರು ಬರಿಗಾಲಲ್ಲಿ ನಿಂತು, ಮನಸಾರೆ ನಿನಗೆ ಧೂಪ ಹಾಕುತ್ತಾರೆ. ಸತ್ತವರು ಬಂದು ಉಣ್ಣಲೆಂದು ಐದು ನಿಮಿಷ ಬಾಗಿಲು ಮುಚ್ಚುತ್ತಾರಲ್ಲ, ಆಗ ನಾವೆಲ್ಲ ಜಗಲಿಯಲ್ಲಿ ಮಾತಿಲ್ಲದೆ ಕಾಯುತ್ತೇವೆ. ಆ ಹೊತ್ತಿಗೆ ನೀನು ಕುಣಿಗಲ್ಲಿನಲ್ಲಿ ಯಾರದೋ ಮಗುವಿನ ಯೂನಿಫಾರಂ ಹೊಲಿಯುತ್ತಿರುತ್ತೀಯ. ಇಲ್ಲಿ ನನ್ನ ಪಕ್ಕದಲ್ಲಿ ಚನ್ನೇಶ್ ನಿಂತಿರುತ್ತಾರೆ. ನನ್ನನ್ನು ಸಮಾಧಾನ ಮಾಡಲು ಏನಾದರೂ ಹೇಳಬಹುದು. ಆಗ ನನ್ನ ಮುಖ ಹೇಗಿರಬೇಕು?

ನಿನ್ನನ್ನು ಏನೂ ಕೇಳುತ್ತಿಲ್ಲ. ಬಾ ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ. ಕ್ಷಮಿಸು ಎಂದೂ ಕೇಳುವುದಿಲ್ಲ, ಅದಕ್ಕೆ ನಿನ್ನ ಅಂಗಡಿಗೆ ಬಂದು ಎದುರಿಗೆ ಕೂರಬೇಕು. ಇಲ್ಲಿ ನಡೆಯುತ್ತಿರುವುದು ಬೇರೆ ಯಾರ ಬಾಯಿಂದಲೂ ನಿನಗೆ ತಿಳಿಯಬಾರದು ಎಂದಷ್ಟೇ ಬರೆದೆ. ಭಾನುವಾರ ನಾನೇನು ಮಾಡುತ್ತೇನೋ ಈ ಸಾಲು ಬರೆಯುವವರೆಗೂ ನನಗೆ ಗೊತ್ತಿಲ್ಲ.

ನಿನ್ನನ್ನು ಒಮ್ಮೆ ಬಾಗಿಲಲ್ಲಿ, ಇನ್ನೊಮ್ಮೆ ಕಾಲೇಜಿನಲ್ಲಿ ಬಿಟ್ಟುಕೊಟ್ಟ ಮಗಳು,
ಸುಮನಾ

ತಾ.ಕ.: ಮೇಲಿನದನ್ನು ಮುಗಿಸಿದ ಮೇಲೆ ಇನ್ನೊಂದು ಹಾಳೆ ತೆಗೆದುಕೊಂಡು ಇದನ್ನೇ ರಮ್ಯಶ್ರೀಗೆ ಬರೆಯಲು ಕೂತೆ. ನಿನಗೂ ಅಪ್ಪನಿಗೂ ನಡುವೆ ನಡೆದದ್ದನ್ನು ಬಿಟ್ಟೆ, ಅದು ನಿನ್ನ ವಿಷಯ. ಅತ್ತೆ, ಅಪ್ಪ, ಮಾವನ ಬಗ್ಗೆ ಬರೆದದ್ದನ್ನೂ ಬಿಟ್ಟೆ. ಅಷ್ಟನ್ನು ಬಿಟ್ಟ ಮೇಲೆ ಕಾಲು ಪುಟ ಉಳಿಯಿತು. "ನನ್ನ ತಾಯಿಯ ಹೆಸರು ಶಿವಗಂಗಮ್ಮ. ಕುಣಿಗಲ್ಲಿನಲ್ಲಿ ಬಟ್ಟೆ ಹೊಲಿಯುತ್ತಾರೆ, ಆರೋಗ್ಯವಾಗಿದ್ದಾರೆ. ಐದು ವರ್ಷದ ಹಿಂದೆ ನಿನಗೆ ಸುಳ್ಳು ಹೇಳಿದ್ದು ನಾನು, ನಮ್ಮ ಮನೆಯವರಲ್ಲ. ಭಾನುವಾರ ನಿಮ್ಮ ತಂದೆ ಅವರಿಗೆ ಧೂಪ ಹಾಕಬಾರದು. ಇದನ್ನು ನಿಮ್ಮ ಅಣ್ಣನಿಗೂ ಓದಲು ಕೊಡು." ಇಷ್ಟೇ. ಆ ಲಕೋಟೆ ಈಗ ನನ್ನ ಬ್ಯಾಗಿನಲ್ಲಿದೆ, ಇದನ್ನೂ ಅಂಟಿಸಿಕೊಂಡು, ಹಿಟ್ಟಿನ ಗಿರಣಿಗೆ ಹೋಗುತ್ತೇನೆಂದು ಹೇಳಿ ಅಂಚೆ ಕಚೇರಿಗೆ ಹೊರಟಿದ್ದೇನೆ. ಕೌಂಟರಿನಲ್ಲಿ ಗುಬ್ಬಿಯದನ್ನು ಮೊದಲು ಕೊಡುತ್ತೇನೆ, ರಸೀದಿ ಕೈಗೆ ಬಂದ ಮೇಲೆ ನಿನ್ನದನ್ನು. ಈ ಪತ್ರ ನಿನ್ನ ಕೈಗೆ ಬಂದಿದೆಯೆಂದರೆ ಅದು ಹೋಗಿದೆ ಎಂದು ತಿಳಿ.